ಸಾರ್ವಜನಿಕ ದಾಖಲೆಗೆ ಖಾಸಗಿ ಬೀಗ

ಕಳೆದ ವರ್ಷ ಮಳೆಗಾಲ ಆರಂಭವಾಗುವ ಹೊತ್ತಿಗೆ ಕೋಟೇಶ್ವರದ ಸಮೀಪದ ಸಹಕಾರಿ ಸಂಘವೊಂದರ ಅಧ್ಯಕ್ಷರು ನನಗೆ ದೂರವಾಣಿ ಮಾಡಿದರು. ಅವರು ವಯಸ್ಸಿನಲ್ಲಿ ನನಗಿಂತ ಹಿರಿಯರು. ಶಾಲೆಯ ದಿನಗಳಿಂದ ಬಲ್ಲವರು. "ಹ್ವಾಯ್, ನೀವ್ ಒಂದ್ಸಲ ಬಂದ್ ಕಾಣಿ ಮಾರಾಯ್ರೆ, ನಮ್ಮ ಸರ್ವರ್ ಕೈ ಕೊಡೂಕ್ ಹೊರಟಿತ್" ಎಂದರು. ನಾನು ಕಂಪ್ಯೂಟರ್ ತಜ್ಞನಲ್ಲ. ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ಕಡತಗಳ ನಡುವೆ ಬದುಕು ಕಳೆದವನು. ಖರೀದಿಯ ವ್ಯವಹಾರ ಬಲ್ಲವರೊಬ್ಬರು ಜೊತೆಯಲ್ಲಿ ಕುಳಿತರೆ ಧೈರ್ಯ ಎಂಬುದಷ್ಟೇ ಅವರ ನಿರೀಕ್ಷೆಯಾಗಿತ್ತು. ಆ ಒಂದು ವಾರದಲ್ಲಿ ನಾನು ಕಲಿತದ್ದು, ಮೂರು ದಶಕಗಳಿಗೂ ಮಿಕ್ಕಿದ ಸೇವಾವಧಿಯಲ್ಲಿ ಕಲಿಯದೇ ಬಿಟ್ಟ ಒಂದು ಪಾಠ. ಅದನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಸಂಘದ ಹಿಂದಿನ ಕೋಣೆಯಲ್ಲಿ, ಕಬ್ಬಿಣದ ಕಪಾಟಿನ ಪಕ್ಕದಲ್ಲಿ ಆ ಸರ್ವರ್ ಇತ್ತು. ಅದರ ಮುಖದಲ್ಲಿ ನಾಲ್ಕು ಖಾನೆಗಳು. ಪ್ರತಿ ಖಾನೆಯಲ್ಲೂ ಒಂದು ಹಾರ್ಡ್ ಡಿಸ್ಕ್. ಮೂರರಲ್ಲಿ ಹಸಿರು ದೀಪ ಉರಿಯುತ್ತಿದ್ದರೆ ಒಂದರಲ್ಲಿ ಕಿತ್ತಳೆ ಬಣ್ಣದ ದೀಪ ಮಿನುಗುತ್ತಿತ್ತು. ಇಂಥ ಯಂತ್ರಗಳಲ್ಲಿ ಮಾಹಿತಿಯನ್ನು ಎಲ್ಲ ಡಿಸ್ಕ್‌ಗಳಿಗೂ ಹಂಚಿ ಬರೆದಿರುತ್ತಾರೆ. ಒಂದು ಡಿಸ್ಕ್ ಕೆಟ್ಟರೂ ಉಳಿದವುಗಳಿಂದ ಲೆಕ್ಕ ಹಾಕಿ ಕಳೆದುಹೋದ ಭಾಗವನ್ನು ಮತ್ತೆ ಕಟ್ಟಿಕೊಳ್ಳುವ ವ್ಯವಸ್ಥೆ ಅದು. ಆದರೆ ಆ ಸಂಘದ ಯಂತ್ರಕ್ಕೆ ಈ ರಕ್ಷಣೆ ಇದ್ದದ್ದು ಒಂದು ಡಿಸ್ಕ್ ಕೆಡುವ ತನಕ ಮಾತ್ರ. ಎರಡನೆಯದು ಕೆಟ್ಟರೆ ಎಲ್ಲವೂ ಹೋದಂತೆ. ನಾಲ್ಕೂ ಡಿಸ್ಕ್‌ಗಳು ಒಂದೇ ದಿನ ಕೊಂಡವು, ಒಂದೇ ಪ್ರಮಾಣದಲ್ಲಿ ದುಡಿದವು. ಒಂದಕ್ಕೆ ಮುಪ್ಪು ಬಂದಿದ್ದರೆ ಉಳಿದವುಗಳಿಗೂ ಅದು ದೂರವಿಲ್ಲ. ಅಲ್ಲಿ ಮಿನುಗುತ್ತಿದ್ದ ದೀಪದ ಅರ್ಥ ಇಷ್ಟೇ: ಬೇಗ ಇನ್ನೊಂದು ಡಿಸ್ಕ್ ಹಾಕಿ.

ಸಂಘದ ಯುವ ಕಾರ್ಯದರ್ಶಿ ಆಗಲೇ ಆ ಕೆಲಸಕ್ಕೆ ಇಳಿದಿದ್ದರು. ಪೇಟೆಯ ಅಂಗಡಿಯಿಂದ ಅದೇ ಅಳತೆಯ, ಇನ್ನೂ ಹೆಚ್ಚು ಸಾಮರ್ಥ್ಯದ ಹೊಸ ಡಿಸ್ಕ್ ತಂದಿದ್ದರು. ಅದು ಕೂರಲಿಲ್ಲ. ಮೊದಲನೆಯ ತೊಡಕು ಡಿಸ್ಕನ್ನು ಖಾನೆಯೊಳಗೆ ತಳ್ಳಲು ಬೇಕಾದ ಟ್ರೇ. ಆ ಕಂಪನಿಯ ಟ್ರೇ ಬೇರೆ ಕಂಪನಿಯದಕ್ಕೆ ಹೋಲುವುದಿಲ್ಲ. ಅದನ್ನು ಬಿಡಿಯಾಗಿ ಮಾರುವುದೂ ಇಲ್ಲ. ಕೆಟ್ಟ ಡಿಸ್ಕಿನ ಟ್ರೇಯನ್ನೇ ಬಿಚ್ಚಿ ತೆಗೆದಾಗ ಎರಡನೆಯ ತೊಡಕು ಕಂಡಿತು. ಟ್ರೇಯ ಹಿಂಭಾಗದಲ್ಲಿ ಬೆರಳಗಲದ ಒಂದು ಹಸಿರು ಹಲಗೆ ಇತ್ತು. ಅದರ ಒಂದು ಬದಿ ಡಿಸ್ಕಿಗೆ, ಇನ್ನೊಂದು ಬದಿ ಸರ್ವರಿನೊಳಗಿನ ಸಾಕೆಟ್ಟಿಗೆ. ಆ ಸಾಕೆಟ್ ಆ ಕಂಪನಿಯ ಆ ಮಾದರಿಗೆ ಮಾತ್ರ ಸೇರಿದ್ದು. ಉಡುಪಿಯಿಂದ ಬಂದ ತಂತ್ರಜ್ಞರು ಹಲಗೆಯನ್ನು ಜೋಪಾನವಾಗಿ ಬಿಡಿಸಿ ಹೊಸ ಡಿಸ್ಕಿಗೆ ಜೋಡಿಸಿದರು. ಆಗ ಮೂರನೆಯ ತೊಡಕು ಎದುರಾಯಿತು: ಡಿಸ್ಕ್ ತಿರುಗಿತು, ದೀಪ ಹತ್ತಿತು, ಆದರೆ ಇದು ಮಾನ್ಯತೆ ಪಡೆದ ಡಿಸ್ಕ್ ಅಲ್ಲ ಎಂಬ ಸಂದೇಶ ಪರದೆಯ ಮೇಲೆ ಬಂದು ಯಂತ್ರ ಅದನ್ನು ನಿರಾಕರಿಸಿತು.

ಸಾಮಾನ್ಯ ಕಂಪ್ಯೂಟರಿನ ಡಿಸ್ಕಿಗೆ ಎಲ್ಲ ತಯಾರಕರೂ ಒಪ್ಪಿಕೊಂಡ ಒಂದೇ ಬಗೆಯ ಕನೆಕ್ಟರ್ ಇದೆ. ಸಾಟಾ ಎಂದು ಕರೆಯುವ ಈ ಮಾನಕ 2003ರಿಂದ ಬಳಕೆಯಲ್ಲಿದೆ. ಮಾಹಿತಿಗೆ 7 ಪಿನ್ನು, ವಿದ್ಯುತ್ತಿಗೆ 15 ಪಿನ್ನು; ಯಾವ ಕಂಪನಿಯ ಡಿಸ್ಕ್ ಆದರೂ ಯಾವ ಕಂಪನಿಯ ಕಂಪ್ಯೂಟರಿಗೂ ಕೂರುತ್ತದೆ. ದೊಡ್ಡ ಯಂತ್ರಗಳಿಗೆ ಸ್ಯಾಸ್ ಎಂಬ ಇನ್ನೊಂದು ಮಾನಕವಿದೆ. ಅದೂ ಎಲ್ಲರಿಗೂ ತೆರೆದದ್ದೇ. ಅಂದರೆ ಒಳಗಿದ್ದ ಡಿಸ್ಕ್ ಲೋಕಕ್ಕೆಲ್ಲ ಸೇರಿದ ಸಾಮಾನ್ಯ ವಸ್ತು. ಅದನ್ನು ಸಾಮಾನ್ಯವಲ್ಲದಂತೆ ಮಾಡಿದ್ದು ಟ್ರೇ, ಹಲಗೆ ಮತ್ತು ಒಂದು ಪರಿಶೀಲನೆಯ ಸಾಲು. ಮಾರಾಟಗಾರರನ್ನು ಸಂಪರ್ಕಿಸಿದಾಗ, ಆ ಮಾದರಿಯ ತಯಾರಿ ನಿಂತಿದೆ, ಬಿಡಿಭಾಗ ದೊರೆಯುವುದಿಲ್ಲ, ಹೊಸ ಸರ್ವರ್ ಕೊಳ್ಳುವುದು ಉತ್ತಮ ಎಂಬ ಉತ್ತರ ಬಂತು. ಒಂದು ಬಿಡಿಭಾಗಕ್ಕಾಗಿ ಇಡೀ ಯಂತ್ರವನ್ನೇ ಬದಲಿಸಿ ಎಂಬ ಸಲಹೆ ಅದು.

ಇಲ್ಲಿ ಪಣಕ್ಕಿದ್ದುದು ಬರಿಯ ಯಂತ್ರವಲ್ಲ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ರೈತರಿಗೆ ಶೂನ್ಯ ಬಡ್ಡಿಯ ಬೆಳೆ ಸಾಲ ಸಿಗುತ್ತದೆ. ಆ ರಿಯಾಯಿತಿ ದೊರೆಯುವುದು ಗಡುವಿನೊಳಗೆ ಸಾಲ ತೀರಿಸಿದವರಿಗೆ. ಗಡುವಿನೊಳಗೆ ತೀರಿಸಿದ್ದಕ್ಕೆ ಸಾಕ್ಷಿ ಏನು? ಸಂಘದ ಲೆಕ್ಕದಲ್ಲಿ ದಾಖಲಾದ ಒಂದು ದಿನಾಂಕ. ರಸೀದಿ ಕಳೆದುಕೊಂಡ ಮುದುಕಿಯೊಬ್ಬಳ ಪಾಲಿಗೆ, ಊರು ಬಿಟ್ಟು ಬೆಂಗಳೂರಿನಲ್ಲಿ ಹೋಟೆಲ್ ನಡೆಸುವ ಮಗನ ಪಾಲಿಗೆ, ಆ ಡಿಸ್ಕಿನಲ್ಲಿರುವ ದಿನಾಂಕವೇ ಆಧಾರ. ಠೇವಣಿ, ಷೇರು, ವಾರಸುದಾರರ ಹೆಸರು, ಅಡವಿಟ್ಟ ಚಿನ್ನದ ತೂಕ ಎಲ್ಲವೂ ಅಲ್ಲೇ. ಕಾಗದದ ಪುಸ್ತಕ ಬರೆಯುವುದನ್ನು ಸಂಘ ವರ್ಷಗಳ ಹಿಂದೆಯೇ ನಿಲ್ಲಿಸಿತ್ತು. ನಕಲು ಪ್ರತಿ ಇರಲಿಲ್ಲವೇ ಎಂದು ಓದುಗರು ಕೇಳಬಹುದು. ಇತ್ತು, ಆದರೆ ಅದನ್ನು ತೆರೆದು ಓದಬಲ್ಲದ್ದು ತಂತ್ರಾಂಶ ಮಾರಿದವರ ತಂತ್ರಾಂಶ ಮಾತ್ರ. ಈ ವಿಷಯಕ್ಕೆ ಮುಂದೆ ಬರುತ್ತೇನೆ.

ಕೊನೆಗೆ ಪರಿಹಾರ ದೊರಕಿದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ಯಾವುದೋ ಕಚೇರಿ ಎಸೆದ ಅದೇ ಮಾದರಿಯ ಸರ್ವರಿನಿಂದ ಬಿಚ್ಚಿ ತೆಗೆದ ಹಳೆಯ ಡಿಸ್ಕ್, ಟ್ರೇ ಹಲಗೆ ಸಹಿತ. ಬಳಸಿ ಹಳತಾದ, ಸಾಮರ್ಥ್ಯದಲ್ಲಿ ಕಡಿಮೆಯ ಆ ಡಿಸ್ಕಿಗೆ ಕಾರ್ಯದರ್ಶಿಗಳು ತಂದಿದ್ದ ಹೊಸ ಡಿಸ್ಕಿಗಿಂತ ಹೆಚ್ಚು ಬೆಲೆ. ರಾತ್ರಿ ಬಸ್ಸಿನಲ್ಲಿ ಅದು ಬಂತು. ಬೆಳಿಗ್ಗೆ ಹಾಕಿದೆವು, ಯಂತ್ರ ಒಪ್ಪಿಕೊಂಡಿತು. ಕಳೆದ ಭಾಗವನ್ನು ಕಟ್ಟಿ ಮುಗಿಸಲು ಮರುದಿನ ಮುಂಜಾನೆಯವರೆಗೆ ಹಿಡಿಯಿತು. ಹೊರಗೆ ಮಳೆ ಹುಯ್ಯುತ್ತಿತ್ತು. ವಿದ್ಯುತ್ ಎರಡು ಬಾರಿ ಹೋಯಿತು, ಬ್ಯಾಟರಿ ಕೈ ಹಿಡಿಯಿತು. ಆ ರಾತ್ರಿ ಉಳಿದ ಮೂರರಲ್ಲಿ ಒಂದು ಡಿಸ್ಕ್ ಕೈಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸುತ್ತ ಅಧ್ಯಕ್ಷರು, ಕಾರ್ಯದರ್ಶಿ, ನಾನು ಮೂವರೂ ಕುಳಿತೇ ಬೆಳಗು ಮಾಡಿದೆವು.

ಆ ಕಟ್ಟಡದ ಹಿಂಭಾಗದಲ್ಲಿ, ಗೋಡೆಗೆ ಒರಗಿಸಿ ಜೋಡಿಸಿಟ್ಟ ಹಂಚುಗಳ ಒಂದು ಸಾಲಿದೆ. ನಮ್ಮ ಕಡೆಯ ಹಳೆಯ ಮನೆಗಳ ಹಿಂದೆಲ್ಲ ಇಂಥ ಸಾಲು ಇರುತ್ತದೆ. ಮಳೆಗೆ ಮುಂಚೆ ಮಾಡು ಹತ್ತಿ ಹಂಚು ಕೈಯಾಡಿಸುವಾಗ, ಒಡೆದ ಹಂಚಿನ ಜಾಗಕ್ಕೆ ಆ ಸಾಲಿನಿಂದ ಒಂದನ್ನು ತೆಗೆದು ಕೂರಿಸಿದರಾಯಿತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯ ಉದ್ದಕ್ಕೂ ಬೇರೆ ಬೇರೆಯವರು ಕಾರ್ಖಾನೆ ತೆರೆದರು. ಸ್ವಾತಂತ್ರ್ಯಾನಂತರ ಮಂಗಳೂರು ಮಾದರಿಯ ಹಂಚಿಗೆಂದೇ ಐಎಸ್ 654 ಎಂಬ ರಾಷ್ಟ್ರೀಯ ಮಾನಕ ಬಂತು. ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕೂರಬೇಕು, ರೀಪಿನ ಮೇಲೆ ನಿಲ್ಲಬೇಕು ಎಂಬುದೇ ಆ ಮಾನಕದ ತಿರುಳು. ಹಂಚು ಮಾಡಿದ ಕಾರ್ಖಾನೆ ಮುಚ್ಚಿದರೆ ಮನೆ ಸೋರಬೇಕಾಗಿಲ್ಲ. ಒಂದು ಹಂಚು ಒಡೆದದ್ದಕ್ಕೆ ಮಾಡನ್ನೇ ಇಳಿಸಿ ಹೊಸದು ಹೊದಿಸಿ ಎಂದು ಯಾರಾದರೂ ಹೇಳಿದ್ದರೆ ನಮ್ಮ ಹಿರಿಯರು ನಕ್ಕು ಕಳಿಸುತ್ತಿದ್ದರು. ಕಂಪ್ಯೂಟರಿನ ವಿಷಯದಲ್ಲಿ ನಾವು ಅದೇ ಮಾತನ್ನು ತಲೆಬಾಗಿ ಕೇಳುತ್ತೇವೆ.

ಜೋಡಣೆಯ ಅಳತೆ ಹೊಂದದಿದ್ದರೆ ಎಂಥ ಅನಾಹುತವಾಗಬಹುದು ಎಂಬುದಕ್ಕೆ ಇತಿಹಾಸದಲ್ಲಿ ದಾರುಣ ಉದಾಹರಣೆಯೊಂದಿದೆ. 1904ರ ಫೆಬ್ರುವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿತ್ತು. ವಾಷಿಂಗ್ಟನ್ ಮೊದಲಾದ ನಗರಗಳಿಂದ ಅಗ್ನಿಶಾಮಕ ಯಂತ್ರಗಳು ರೈಲಿನಲ್ಲಿ ಧಾವಿಸಿ ಬಂದವು. ಆದರೆ ಅವುಗಳ ನೀರಿನ ಕೊಳವೆಗಳು ಬಾಲ್ಟಿಮೋರಿನ ನಲ್ಲಿಗಳಿಗೆ ಜೋಡಣೆಯಾಗಲಿಲ್ಲ. ತಿರುಪಿನ ಅಳತೆ ಬೇರೆಯಾಗಿತ್ತು. ಆ ಕಾಲದಲ್ಲಿ ಅಮೆರಿಕದಲ್ಲಿ 600ಕ್ಕೂ ಹೆಚ್ಚು ಬಗೆಯ ಕೊಳವೆ ಜೋಡಣೆಗಳಿದ್ದವು. 1,500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ನೀರಿತ್ತು, ಯಂತ್ರವಿತ್ತು, ಜನರಿದ್ದರು. ಜೋಡಣೆ ಮಾತ್ರ ಇರಲಿಲ್ಲ. ಬಾಲ್ಟಿಮೋರಿನಲ್ಲಿ ಇದು ಯಾರ ದುರುದ್ದೇಶವೂ ಆಗಿರಲಿಲ್ಲ; ಒಟ್ಟಿಗೆ ಕುಳಿತು ಅಳತೆ ನಿಶ್ಚಯಿಸಲು ಯಾರೂ ಮುಂದಾಗಿರಲಿಲ್ಲ ಅಷ್ಟೆ. ಸರ್ವರಿನ ಸಂಗತಿ ಹಾಗಲ್ಲ. ಅಲ್ಲಿ ಒಪ್ಪಿತ ಅಳತೆ ಇದ್ದೂ, ಅದರ ಮೇಲೆ ಇನ್ನೊಂದು ಅಳತೆಯನ್ನು ಬೇಕೆಂದೇ ಹೇರಲಾಗಿದೆ.

ಏಕೆ ಹೇರುತ್ತಾರೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ಸರಳ ಉತ್ತರವಿದೆ. ಕೊಳ್ಳುವ ಮೊದಲು ಗ್ರಾಹಕನ ಮುಂದೆ ಹತ್ತು ಮಾರಾಟಗಾರರಿರುತ್ತಾರೆ; ಪೈಪೋಟಿಯಿಂದ ಬೆಲೆ ಇಳಿಯುತ್ತದೆ. ಕೊಂಡ ಮರುದಿನದಿಂದ ಅವನ ಮುಂದೆ ಇರುವುದು ಒಬ್ಬನೇ. ಬಿಡಿಭಾಗ, ದುರಸ್ತಿ, ವಾರ್ಷಿಕ ನಿರ್ವಹಣೆ ಎಲ್ಲಕ್ಕೂ ಆ ಒಬ್ಬನು ಹೇಳಿದ್ದೇ ಬೆಲೆ. ಬೇರೆಯವರ ಬಳಿಗೆ ಹೋಗಬೇಕಾದರೆ ತೆರಬೇಕಾದ ವೆಚ್ಚ ಹೆಚ್ಚಿದಷ್ಟೂ ಅವನ ಹಿಡಿತ ಬಿಗಿಯಾಗುತ್ತದೆ. ಆದ್ದರಿಂದ ಯಂತ್ರವನ್ನು ಅಗ್ಗವಾಗಿ ಮಾರಿ ಬಿಡಿಭಾಗದಲ್ಲಿ ಗಳಿಸುವುದು ಬುದ್ಧಿವಂತ ವ್ಯಾಪಾರ. ವ್ಯಾಪಾರಿಯನ್ನು ನಾನು ದೂರುವುದಿಲ್ಲ; ಲಾಭ ಅವನ ಧರ್ಮ. ಸಾರ್ವಜನಿಕ ಹಣದಿಂದ ಕೊಳ್ಳುವವರು ಈ ಲೆಕ್ಕವನ್ನು ಮೊದಲೇ ಮಾಡದಿರುವುದು ದೂರಬೇಕಾದ ಸಂಗತಿ. ಹಾಗೆ ಮಾಡದವರಲ್ಲಿ ನಾನೂ ಒಬ್ಬ.

2003ರ ಸುಮಾರಿಗೆ ನಾನಿದ್ದ ಕಚೇರಿಗೆ ಕಂಪ್ಯೂಟರು, ಪ್ರಿಂಟರುಗಳನ್ನು ಕೊಳ್ಳುವ ಕಡತ ನನ್ನ ಮುಂದೆ ಬಂದಿತ್ತು. ವಿಷಯ ನಿರ್ವಾಹಕರೊಬ್ಬರು ಟಿಪ್ಪಣಿ ಹಾಳೆಯಲ್ಲಿ, ಕಡಿಮೆ ದರ ಸೂಚಿಸಿದ ಸಂಸ್ಥೆಯ ಪ್ರಿಂಟರಿಗೆ ಅದೇ ಸಂಸ್ಥೆಯ ಶಾಯಿಯ ಪೆಟ್ಟಿಗೆ ಮಾತ್ರ ಹೊಂದುತ್ತದೆ, ಅದರ ದರವನ್ನೂ ಪರಿಶೀಲಿಸುವುದು ಸೂಕ್ತ ಎಂದು ಎರಡು ಸಾಲು ಬರೆದಿದ್ದರು. ದರಪಟ್ಟಿಯಲ್ಲಿ ಆ ವಿಷಯ ಕೇಳಿಲ್ಲವಾದ್ದರಿಂದ ಪರಿಗಣಿಸಲು ಅವಕಾಶವಿಲ್ಲ, ಅತಿ ಕಡಿಮೆ ದರವನ್ನು ಅನುಮೋದಿಸಿದೆ ಎಂದು ಷರಾ ಬರೆದು ನಾನು ಸಹಿ ಮಾಡಿದೆ. ನಿಯಮದ ದೃಷ್ಟಿಯಿಂದ ನನ್ನ ಷರಾ ನಿರ್ದೋಷ. ಲೆಕ್ಕ ಪರಿಶೋಧನೆಯಲ್ಲಿ ಯಾವ ಆಕ್ಷೇಪಣೆಯೂ ಬರಲಿಲ್ಲ. ಮೂರು ವರ್ಷಗಳಲ್ಲಿ ಶಾಯಿಗೆ ಕೊಟ್ಟ ಹಣ ಪ್ರಿಂಟರಿನ ಬೆಲೆಯನ್ನು ಮೀರಿತು. ಆ ಹಣವನ್ನು ಬೇರೆ ಲೆಕ್ಕಶೀರ್ಷಿಕೆಯಲ್ಲಿ ಕೊಡುತ್ತಿದ್ದುದರಿಂದ ಎರಡನ್ನೂ ಕೂಡಿಸಿ ನೋಡಿದವರಿರಲಿಲ್ಲ. ವಿಷಯ ನಿರ್ವಾಹಕರ ಆ ಎರಡು ಸಾಲುಗಳು ಸರ್ವರಿನ ಮುಂದೆ ಕುಳಿತ ರಾತ್ರಿ ನನಗೆ ಮತ್ತೆ ಮತ್ತೆ ನೆನಪಾದವು.

ಕಂಪನಿಗಳ ಕಡೆಯ ವಾದವನ್ನೂ ಕೇಳಬೇಕು. ಹಗಲು ರಾತ್ರಿ ದುಡಿಯುವ ಸರ್ವರಿನಲ್ಲಿ ಶಾಖ, ಕಂಪನ ಹೆಚ್ಚು. ಪರೀಕ್ಷಿಸದ ಡಿಸ್ಕ್ ಹಾಕಿದರೆ ಮಾಹಿತಿ ಕೆಡಬಹುದು. ಕೆಟ್ಟಾಗ ಗ್ರಾಹಕರು ಬೈಯುವುದು ನಮ್ಮನ್ನೇ ಎಂದು ಅವರು ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಎಚ್ಚರಿಸುವುದು ಬೇರೆ, ತಡೆಯುವುದು ಬೇರೆ. 2010ರಲ್ಲಿ ಡೆಲ್ ಕಂಪನಿ ತನ್ನ ಹೊಸ ಸರ್ವರ್‌ಗಳು ತಾನು ಮಾನ್ಯ ಮಾಡದ ಡಿಸ್ಕ್‌ಗಳನ್ನು ಸ್ವೀಕರಿಸದಂತೆ ಮಾಡಿತ್ತು. ಗ್ರಾಹಕರ ಆಕ್ಷೇಪ ಜೋರಾದ ಮೇಲೆ ಅದೇ ವರ್ಷ ತಂತ್ರಾಂಶ ಬದಲಿಸಿ ಆ ತಡೆಯನ್ನು ತೆಗೆಯಿತು. ಮಾಹಿತಿ ಸಂಗ್ರಹದ ಪೆಟ್ಟಿಗೆಗಳನ್ನು ತಯಾರಿಸುವ ತೈವಾನಿನ ಸಿನಾಲಜಿ ಕಂಪನಿ 2025ರಲ್ಲಿ ತನ್ನ ಕೆಲವು ಮಾದರಿಗಳಿಗೆ ಇಂಥದೇ ನಿರ್ಬಂಧ ತಂದು, ಅದೇ ವರ್ಷದ ಅಕ್ಟೋಬರಿನಲ್ಲಿ ಸಡಿಲಿಸಿತು. ತಡೆ ತಾಂತ್ರಿಕವಾಗಿ ಅನಿವಾರ್ಯವಾಗಿದ್ದರೆ ಇಷ್ಟು ಬೇಗ ತೆಗೆಯಲು ಸಾಧ್ಯವಾಗುತ್ತಿರಲಿಲ್ಲ. ದೊಡ್ಡ ಗ್ರಾಹಕರು ಒಟ್ಟಾಗಿ ಮಾತನಾಡಿದರೆ ಕಂಪನಿಗಳು ಕೇಳುತ್ತವೆ ಎಂಬುದು ಈ ಎರಡು ಪ್ರಸಂಗಗಳ ಪಾಠ. ನಮ್ಮ ದೇಶದಲ್ಲಿ ಸರ್ಕಾರಕ್ಕಿಂತ ದೊಡ್ಡ ಗ್ರಾಹಕ ಯಾರಿದ್ದಾರೆ?

ಈಗ ನಕಲು ಪ್ರತಿಯ ವಿಷಯ. ಯಂತ್ರದ ಕನೆಕ್ಟರ್ ಕಣ್ಣಿಗೆ ಕಾಣುತ್ತದೆ. ಮಾಹಿತಿಯೊಳಗಿನ ಕನೆಕ್ಟರ್ ಕಾಣುವುದಿಲ್ಲ. ಕನ್ನಡಿಗರಿಗೆ ಇದರ ಅನುಭವ ಚೆನ್ನಾಗಿಯೇ ಇದೆ. ತೊಂಬತ್ತರ ದಶಕದಲ್ಲಿ, ಅದರ ನಂತರವೂ ಬಹುಕಾಲ, ಪ್ರತಿಯೊಂದು ಕನ್ನಡ ತಂತ್ರಾಂಶಕ್ಕೂ ತನ್ನದೇ ಅಕ್ಷರ ಸಂಕೇತ. ಒಂದರಲ್ಲಿ ಬೆರಳಚ್ಚು ಮಾಡಿದ್ದನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳ ಸಾಲು. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ ಸ್ಥಾನವಿತ್ತು. ಆದರೂ ನಮ್ಮ ಕಚೇರಿಗಳು, ಮುದ್ರಣಾಲಯಗಳು ಹಳೆಯ ಸಂಕೇತಗಳಿಂದ ಹೊರಬರಲು ದಶಕಗಳೇ ಬೇಕಾದವು. ಆ ಕಾಲದ ಎಷ್ಟೋ ಸುತ್ತೋಲೆ, ನಡವಳಿ, ಹಸ್ತಪ್ರತಿಗಳನ್ನು ಇಂದು ಓದಬೇಕಾದರೆ ಪರಿವರ್ತಕ ಹುಡುಕಬೇಕು. ಇದಕ್ಕೆ ಪ್ರತಿಯಾದ ಒಳ್ಳೆಯ ಉದಾಹರಣೆಯೂ ನಮ್ಮಲ್ಲಿದೆ. ನಮ್ಮ ಕರಾವಳಿಯವರೇ ಆದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದ ಆಧಾರದ ಮೇಲೆಯೇ ರಾಜ್ಯದ ಅಧಿಕೃತ ಕನ್ನಡ ಕೀಲಿಮಣೆ ನಿಂತಿದೆ. ಎಲ್ಲರಿಗೂ ತೆರೆದಿದ್ದುದರಿಂದಲೇ ಅದು ಎಲ್ಲರದಾಯಿತು.

ನಮ್ಮ ಸಂಘದ ನಕಲು ಪ್ರತಿ ತೆರೆಯದಿದ್ದುದಕ್ಕೂ ಇದೇ ಕಾರಣ. ತಂತ್ರಾಂಶ ಮಾರಿದವರು ಮಾಹಿತಿಯನ್ನು ತಮ್ಮದೇ ವಿನ್ಯಾಸದಲ್ಲಿ ಇಟ್ಟಿದ್ದರು. ಸದಸ್ಯರ ಖಾತೆಗಳನ್ನು ಸಾಮಾನ್ಯ ಕೋಷ್ಟಕ ರೂಪದಲ್ಲಿ ಹೊರತೆಗೆದು ಕೊಡಿ ಎಂದು ಕೇಳಿದರೆ, ಅದು ಒಪ್ಪಂದದಲ್ಲಿ ಇಲ್ಲ, ಪ್ರತ್ಯೇಕ ಶುಲ್ಕವಾಗುತ್ತದೆ ಎಂದರು. ಸಂಘ ಕಟ್ಟಿದ್ದು ಸದಸ್ಯರು, ಹಣ ಸದಸ್ಯರದು, ಸಹಿ ಸದಸ್ಯರದು. ಅವುಗಳ ಲೆಕ್ಕ ನೋಡಲು ಮೂರನೆಯವರಿಗೆ ಶುಲ್ಕ. ಡಿಸ್ಕಿನ ಹಿಂದಿನ ಹಸಿರು ಹಲಗೆಗೂ ಈ ಶುಲ್ಕಕ್ಕೂ ಸ್ವಭಾವದಲ್ಲಿ ವ್ಯತ್ಯಾಸವಿಲ್ಲ. ದಕ್ಷಿಣ ಕನ್ನಡದಲ್ಲಿ ಸಹಕಾರ ಚಳವಳಿಯನ್ನು ಬೆಳೆಸಿದ ಮೊಳಹಳ್ಳಿ ಶಿವರಾಯರ ಹೆಸರಿನಲ್ಲಿರುವ ಮೊಳಹಳ್ಳಿ ನಮ್ಮ ಕುಂದಾಪುರ ಸೀಮೆಯದೇ. ಅವರ ಕಾಲದ ಖಾತೆ ಪುಸ್ತಕವನ್ನು ಕನ್ನಡ ಓದಬಲ್ಲ ಯಾವ ಸದಸ್ಯನೂ ತೆರೆದು ನೋಡಬಹುದಿತ್ತು.

ಇದಕ್ಕೆ ನಿಯಮಗಳಿಲ್ಲವೆಂದಲ್ಲ. ಇ-ಆಡಳಿತದಲ್ಲಿ ಮುಕ್ತ ಮಾನಕಗಳನ್ನು ಬಳಸಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2010ರಲ್ಲೇ ಪ್ರಕಟಿಸಿದೆ. 2015ರಲ್ಲಿ ಮುಕ್ತ ತಂತ್ರಾಂಶದ ನೀತಿ ಬಂತು. ಪಾರದರ್ಶಕ ಖರೀದಿಗೆ ನಮ್ಮ ರಾಜ್ಯದಲ್ಲಿ 1999ರ ಕಾಯ್ದೆಯಿದೆ. ಆದರೆ 2010ರ ನೀತಿ ಮುಖ್ಯವಾಗಿ ಮಾಹಿತಿ ಮತ್ತು ತಂತ್ರಾಂಶವನ್ನು ಕುರಿತದ್ದು. ಸರ್ವರಿನ ಟ್ರೇಯವರೆಗೆ ಅದರ ದೃಷ್ಟಿ ಹೋಗಿಲ್ಲ. ಇನ್ನೊಂದೆಡೆ, ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ 166ನೇ ನಿಯಮ, ಇರುವ ಯಂತ್ರಕ್ಕೆ ಹೊಂದುವ ಬಿಡಿಭಾಗ ಬೇಕಾದಾಗ ಟೆಂಡರ್ ಇಲ್ಲದೆ ಒಬ್ಬರಿಂದಲೇ ಕೊಳ್ಳಲು ಅವಕಾಶ ಕೊಡುತ್ತದೆ. ಅವಕಾಶ ಬೇಕಾದದ್ದೇ. ಆದರೆ ಇದರ ಪರಿಣಾಮವನ್ನು ಗಮನಿಸಿ: ಮೊದಲ ಖರೀದಿಯಲ್ಲಿ ಅಜಾಗರೂಕರಾದರೆ, ಮುಂದಿನ ಹತ್ತು ಖರೀದಿಗಳು ಪೈಪೋಟಿಯಿಲ್ಲದೆ, ಆದರೆ ಸಂಪೂರ್ಣ ನಿಯಮಬದ್ಧವಾಗಿ ನಡೆದುಹೋಗುತ್ತವೆ.

ಸ್ಪರ್ಧೆಯ ದೃಷ್ಟಿಯಿಂದ ಇದನ್ನು ನೋಡಿದ ಒಂದು ಪ್ರಮುಖ ಆದೇಶ ನಮ್ಮ ದೇಶದಲ್ಲಿದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ತಯಾರಕರಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತು. ಅಧಿಕೃತ ಮಾರಾಟಗಾರರ ಹೊರಗೆ ಬಿಡಿಭಾಗ ಮತ್ತು ದುರಸ್ತಿ ಉಪಕರಣ ಸಿಗದಂತೆ ಮಾಡಿ ಗ್ರಾಹಕರನ್ನು ಕಟ್ಟಿಹಾಕಿದರು ಎಂಬುದು ಆರೋಪ. ಕಂಪನಿಗಳು ಮೇಲ್ಮನವಿ ಹೋದವು. ಆದರೂ ಯಂತ್ರವನ್ನು ಮಾರಿದ ಮೇಲೂ ಬಿಡಿಭಾಗದ ಮಾರುಕಟ್ಟೆ ಕಾನೂನಿನ ಕಣ್ಣಿಗೆ ಬೀಳುತ್ತದೆ ಎಂಬುದು ಸ್ಪಷ್ಟವಾಯಿತು. 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕಾಗಿ ಜಾಲತಾಣ ತೆರೆಯಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಇವು ಅದರ ಗಮನದಲ್ಲಿರುವ ಕ್ಷೇತ್ರಗಳು. ಕಚೇರಿಗಳ ಸರ್ವರ್ ಆ ಪಟ್ಟಿಯಲ್ಲಿ ಹೆಸರಿಸಿಲ್ಲ.

ಯುರೋಪಿನಲ್ಲಿ ಈ ವಿಷಯಕ್ಕೆ ನೇರವಾಗಿ ಕೈಹಾಕಿದ್ದಾರೆ. ಸರ್ವರ್ ಮತ್ತು ಮಾಹಿತಿ ಸಂಗ್ರಹ ಯಂತ್ರಗಳಿಗೆಂದೇ ಐರೋಪ್ಯ ಒಕ್ಕೂಟ 2019ರಲ್ಲಿ ನಿಯಮ ಮಾಡಿತು. ಅದರಂತೆ 2020ರ ಮಾರ್ಚ್‌ನಿಂದ ಅಲ್ಲಿ ಮಾರುವ ಸರ್ವರ್‌ಗಳಲ್ಲಿ ಡಿಸ್ಕ್, ಮೆಮೊರಿ, ವಿದ್ಯುತ್ ಘಟಕ ಮೊದಲಾದವನ್ನು ದುರಸ್ತಿ ಅಥವಾ ಮರುಬಳಕೆಗಾಗಿ ಬಿಡಿಸಲು ಅಡ್ಡಿಯಾಗದಂತೆ ಜೋಡಿಸಿರಬೇಕು. ಯಂತ್ರದೊಳಗಿನ ಮೂಲ ತಂತ್ರಾಂಶದ ಹೊಸ ಆವೃತ್ತಿಯನ್ನೂ ನಿಗದಿತ ವರ್ಷಗಳ ಕಾಲ ಒದಗಿಸಬೇಕು. ಈ ನಿಯಮವೂ ಪರಿಪೂರ್ಣವಲ್ಲ. ಬಿಡಿಸಲು ಬರಬೇಕೆಂದು ಅದು ಹೇಳುತ್ತದೆಯೇ ಹೊರತು ಬೇರೆಯವರ ಡಿಸ್ಕ್ ಒಪ್ಪಿಕೊಳ್ಳಬೇಕೆಂದು ಹೇಳುವುದಿಲ್ಲ. ಆದರೂ ಸರ್ವರಿನ ಡಿಸ್ಕ್ ಕಾನೂನಿನಲ್ಲಿ ಹೆಸರಿಸಬೇಕಾದಷ್ಟು ಮಹತ್ವದ ವಸ್ತು ಎಂಬುದನ್ನು ಅವರು ಗುರುತಿಸಿದ್ದಾರೆ.

ನಮಗೆ ಇದು ಈಗಲೇ ಯೋಚಿಸಬೇಕಾದ ವಿಷಯವಾಗಲು ಕಾರಣವಿದೆ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಎಲ್ಲಕ್ಕೂ ಒಂದೇ ಸಮಾನ ತಂತ್ರಾಂಶ ಎಂಬುದು ಅದರ ಆಧಾರ. ಸ್ವಾಗತಾರ್ಹ ಹೆಜ್ಜೆ. ಆದರೆ ಹಳೆಯ ಲೆಕ್ಕವನ್ನು ಹೊಸದಕ್ಕೆ ಸಾಗಿಸುವಾಗಲೇ ಪ್ರತಿ ಸಂಘಕ್ಕೂ ತನ್ನ ಹಸಿರು ಹಲಗೆ ಎದುರಾಗುತ್ತದೆ. ಯೋಜನೆಯ ಹೊರಗಿರುವ ಪತ್ತಿನ ಸಹಕಾರಿಗಳು, ಹಾಲು ಉತ್ಪಾದಕರ ಸಂಘಗಳು, ದೇವಸ್ಥಾನಗಳು, ಶಾಲೆಗಳು, ಪಂಚಾಯಿತಿಗಳು ತಮ್ಮ ಪಾಡಿಗೆ ತಾವು ಯಂತ್ರ ಕೊಳ್ಳುತ್ತಲೇ ಇವೆ. ರಾಜ್ಯದ ಭೂಮಿ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ಎರಡು ದಶಕಗಳು ಕಳೆದಿವೆ. ಕಾಗದದಿಂದ ಯಂತ್ರಕ್ಕೆ ಹೋಗುವ ಕೆಲಸವನ್ನು ನಾವು ಹೆಮ್ಮೆಯಿಂದ ಮಾಡಿದೆವು. ಯಂತ್ರದಿಂದ ಯಂತ್ರಕ್ಕೆ ಹೋಗುವ ಕೆಲಸ ಇನ್ನು ಮುಂದೆ ಎಂದೆಂದಿಗೂ ಇರುತ್ತದೆ.

ಆದ್ದರಿಂದ ನನ್ನ ಸಲಹೆಗಳು ನಾಲ್ಕು. ಮೊದಲನೆಯದು, ಸಾರ್ವಜನಿಕ ಹಣದಿಂದ ಕೊಳ್ಳುವ ಯಾವ ಸರ್ವರೇ ಆಗಲಿ, ಮುಕ್ತ ಮಾನಕದ ಡಿಸ್ಕನ್ನು ಯಾವ ತಯಾರಕರದಾದರೂ ಒಪ್ಪಿಕೊಳ್ಳಬೇಕು. ಎಚ್ಚರಿಕೆ ತೋರಿಸಲಿ, ನಿರಾಕರಿಸಬಾರದು. ಎರಡನೆಯದು, ಟ್ರೇ ಮತ್ತು ಬಿಡಿಭಾಗಗಳು ಎಷ್ಟು ವರ್ಷ ಯಾವ ದರದಲ್ಲಿ ದೊರೆಯುತ್ತವೆ ಎಂಬುದನ್ನು ದರಪಟ್ಟಿಯಲ್ಲೇ ಕೇಳಬೇಕು. ಯಂತ್ರದ ಬೆಲೆಗೆ ಏಳೆಂಟು ವರ್ಷಗಳ ಬಿಡಿಭಾಗ ಮತ್ತು ನಿರ್ವಹಣೆಯ ವೆಚ್ಚವನ್ನು ಕೂಡಿಸಿ, ಆ ಮೊತ್ತದ ಮೇಲೆ ಅತಿ ಕಡಿಮೆ ದರವನ್ನು ನಿಶ್ಚಯಿಸಬೇಕು. ಮೂರನೆಯದು, ತಂತ್ರಾಂಶ ಒದಗಿಸುವವರು ವರ್ಷಕ್ಕೊಮ್ಮೆಯಾದರೂ ಎಲ್ಲ ಮಾಹಿತಿಯನ್ನು ಯಾರು ಬೇಕಾದರೂ ಓದಬಲ್ಲ ರೂಪದಲ್ಲಿ, ಕನ್ನಡವಾದರೆ ಯೂನಿಕೋಡಿನಲ್ಲಿ, ಶುಲ್ಕವಿಲ್ಲದೆ ಕೊಡಬೇಕು. ನಾಲ್ಕನೆಯದು, ಹಾಗೆ ಕೊಟ್ಟದ್ದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ ಲೆಕ್ಕ ಪರಿಶೋಧಕರು ದೃಢೀಕರಿಸಬೇಕು. ನಗದು ಎಣಿಸುವ ಪರಿಶೋಧಕರು ಮಾಹಿತಿಯನ್ನೂ ಎಣಿಸಲಿ.

ಇಂಥ ಷರತ್ತು ಹಾಕಿದರೆ ಬೆಲೆ ಏರುತ್ತದೆ, ಸಣ್ಣ ಸಂಘಕ್ಕೆ ಯಾರೂ ಮಾರಲು ಬರುವುದಿಲ್ಲ ಎಂಬ ಆಕ್ಷೇಪ ಬರಬಹುದು. ಮೊದಲ ದಿನದ ಬೆಲೆ ಸ್ವಲ್ಪ ಏರಬಹುದೆಂಬುದನ್ನು ನಾನು ಒಪ್ಪುತ್ತೇನೆ. ಅದು ಹೊಸ ವೆಚ್ಚವಲ್ಲ. ಮುಂದೆ ಬಚ್ಚಿಟ್ಟಿದ್ದ ವೆಚ್ಚ ಬೆಳಕಿಗೆ ಬಂದದ್ದು. ಒಂದು ಸಂಘ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ ಎಂಬುದೂ ನಿಜ. ಆದರೆ ಜಿಲ್ಲೆಯ ಸಂಘಗಳೆಲ್ಲ ಒಂದೇ ಷರತ್ತಿನ ಹಾಳೆಯನ್ನು ಬಳಸಿದರೆ, ಸಹಕಾರ ಇಲಾಖೆ ಅದನ್ನು ಸುತ್ತೋಲೆಯಾಗಿ ಹೊರಡಿಸಿದರೆ, ಮಾರುವವರು ಬರಲೇಬೇಕು. ಒಬ್ಬೊಬ್ಬರಾಗಿ ಆಗದ್ದನ್ನು ಒಟ್ಟಾಗಿ ಪಡೆಯುವುದಕ್ಕೇ ಅಲ್ಲವೇ ಸಹಕಾರ ಸಂಘಗಳು ಹುಟ್ಟಿದ್ದು?

ಆ ಸರ್ವರ್ ಈಗಲೂ ಓಡುತ್ತಿದೆ. ಎಸ್.ಪಿ. ರಸ್ತೆಯಿಂದ ಬಂದ ಹಳೆಯ ಡಿಸ್ಕಿನ ಆಯುಷ್ಯ ಎಷ್ಟೆಂಬುದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಹೊಸ ಯಂತ್ರಕ್ಕೆ ಹಣ ತೆಗೆದಿಡಲು ಮಂಡಳಿ ನಿರ್ಣಯಿಸಿದೆ. ಸದಸ್ಯರ ಖಾತೆಗಳನ್ನು ಕೋಷ್ಟಕ ರೂಪದಲ್ಲಿ ಹೊರತೆಗೆಸಲಾಯಿತು, ಶುಲ್ಕ ಕೊಟ್ಟೇ. ಮುಂದಿನ ಖರೀದಿಗೆ ಷರತ್ತುಗಳ ಕರಡನ್ನು ಬರೆದುಕೊಡುವಂತೆ ಅಧ್ಯಕ್ಷರು ನನ್ನನ್ನು ಕೇಳಿದರು. ಮೊದಲ ಷರತ್ತಾಗಿ ನಾನು ಬರೆದದ್ದು, 2003ರಲ್ಲಿ ಆ ವಿಷಯ ನಿರ್ವಾಹಕರು ಟಿಪ್ಪಣಿ ಹಾಳೆಯಲ್ಲಿ ಬರೆದಿದ್ದ ಮಾತನ್ನೇ: ಯಂತ್ರಕ್ಕೆ ಬೇರೆ ಯಾರ ಬಿಡಿಭಾಗ ಹೊಂದುತ್ತದೆ, ಅದರ ದರವೆಷ್ಟು ಎಂಬುದನ್ನು ಮೊದಲು ಪರಿಶೀಲಿಸತಕ್ಕದ್ದು. ಈ ಬಾರಿ ಅದರ ಕೆಳಗೆ ಸಹಿ ಮಾಡಲು ನನಗೆ ಅಧಿಕಾರವಿಲ್ಲ. ಅಧಿಕಾರವಿರುವವರು ಓದಲಿ ಎಂದು ಇಲ್ಲಿ ಬರೆದಿದ್ದೇನೆ.